ಹಿಡಿಯಿಂದ ಚಕ್ರದವರೆಗೆ: ಹಳೆಯ ಗೂಡ್ಸ್ ವ್ಯಾಗನ್ನಿನ ಬಿಡಿಭಾಗ ಅರಿತು ಮಾದರಿ ಕಟ್ಟುವ ಬಗೆ

ಬ್ರಿಟನ್ನಿನ ಹಳೆಯ ಕಲ್ಲಿದ್ದಲು ವ್ಯಾಗನ್ನಿನ ಪ್ಲಾಸ್ಟಿಕ್ ಕಿಟ್ ಬಿಚ್ಚಿದರೆ ಬ್ರೇಕಿನ ಎರಡು ಎರಕದ ತುಂಡುಗಳು ಸಿಗುತ್ತವೆ. ಅನೇಕ ಕಿಟ್‌ಗಳಲ್ಲಿ ಎರಡೂ ಒಂದೇ ಥರ. ಈ ಬದಿಗೊಂದು, ಆ ಬದಿಗೊಂದು ಅಂಟಿಸಿದರೆ ಕೆಲಸ ಮುಗಿಯಿತು ಅನ್ನಿಸುತ್ತದೆ, ನೋಡಲಿಕ್ಕೂ ಚೆನ್ನಾಗಿಯೇ ಇರುತ್ತದೆ. ಆದರೆ ಎರಡು ಬದಿಯನ್ನೂ ಒಂದು ಅಡ್ಡ ಶಾಫ್ಟ್ ಕೂಡಿಸುವ ನಿಜವಾದ ವ್ಯಾಗನ್ನಿನಲ್ಲಿ ಭಾಗಗಳನ್ನು ಹಾಗೆ ಹಾಕಿದ್ದರೆ, ಒಂದು ಬದಿಯ ಶೂಗಳು, ಅಂದರೆ ಬ್ರೇಕಿನ ಒತ್ತುತುಂಡುಗಳು, ಚಕ್ರವನ್ನು ಒತ್ತುವ ಹೊತ್ತಿಗೆ ಇನ್ನೊಂದು ಬದಿಯವು ಚಕ್ರ ಬಿಟ್ಟು ಹಿಂದೆ ಸರಿಯುತ್ತಿದ್ದವು.

ಇಂಥ ತಪ್ಪು ಅಂಟಿಸುವ ಕೈಯದಲ್ಲ. ಆ ಭಾಗ ಏನು ಮಾಡುತ್ತಿತ್ತು ಎಂದು ಕೇಳದೇ ಅಂಟಿಸಿದ್ದರಿಂದ ಆದದ್ದು. ಬಲ ಎಲ್ಲಿಂದ ಹೊರಟು ಎಲ್ಲಿ ಮುಟ್ಟುತ್ತದೆ ಎಂದು ಬೆರಳಿಟ್ಟು ಹಿಂಬಾಲಿಸಿದರೆ ಯಾವ ಸಲಾಕೆ ಮೇಲೆ, ಯಾವುದು ಕೆಳಗೆ ಎಂಬುದಕ್ಕೆ ಸೂಚನಾ ಹಾಳೆಯೇ ಬೇಕಾಗುವುದಿಲ್ಲ.

ಇಲ್ಲಿ ಹೇಳಿರುವ ಅಳತೆಗಳೆಲ್ಲ 1 ಅಡಿಗೆ 4 ಮಿ.ಮೀ. ಪ್ರಮಾಣದವು, ಅಂದರೆ 1:76.2. ಉದಾಹರಣೆಗೆ ಇಟ್ಟುಕೊಂಡಿರುವುದು ಬ್ರಿಟನ್ನಿನ ರೈಲ್ವೆ ಕಂಪನಿಗಳ ಜಂಟಿ ಸಂಸ್ಥೆಯಾದ ರೈಲ್ವೆ ಕ್ಲಿಯರಿಂಗ್ ಹೌಸ್ 1923ರಲ್ಲಿ ಗೊತ್ತುಪಡಿಸಿದ ಮಾದರಿಯ 12 ಟನ್ ಮರದ ವ್ಯಾಗನ್ ಮತ್ತು ಅದರ ನಂತರ ಬಂದ 16 ಟನ್ ಉಕ್ಕಿನ ವ್ಯಾಗನ್. ಎರಡಕ್ಕೂ ಉದ್ದ 16 ಅಡಿ 6 ಇಂಚು (66 ಮಿ.ಮೀ.), ಚಕ್ರಗಳ ಎರಡು ಅಚ್ಚುಗಳ (ಆಕ್ಸಲ್) ನಡುವೆ 9 ಅಡಿ (36 ಮಿ.ಮೀ.). ಚಕ್ರದ ವ್ಯಾಸ 3 ಅಡಿ 1 ಇಂಚು, ಮಾದರಿಯಲ್ಲಿ 12.3 ಮಿ.ಮೀ. ಅಂಗಡಿಯಲ್ಲಿ ಸಿಗುವ 12.6 ಮಿ.ಮೀ. ಚಕ್ರ ನಡೆಯುತ್ತದೆ.

ಬ್ರೇಕ್: ಬಲ ಹರಿಯುವ ದಾರಿ

ಆ ಕಾಲದ ಸಾಮಾನ್ಯ ಗೂಡ್ಸ್ ರೈಲಿನಲ್ಲಿ ಓಡುವಾಗ ಬ್ರೇಕ್ ಇದ್ದದ್ದು ಎಂಜಿನ್ನಿಗೆ ಮತ್ತು ಕೊನೆಯ ಗಾರ್ಡ್ ವ್ಯಾನಿಗೆ ಮಾತ್ರ. ನಡುವಿನ ವ್ಯಾಗನ್‌ಗಳಿಗೆ ಇದ್ದದ್ದು ಕೈಬ್ರೇಕ್. ಕಡಿದಾದ ಇಳಿಜಾರು ಬಂದರೆ ರೈಲನ್ನು ಮೇಲೆಯೇ ನಿಲ್ಲಿಸಿ, ಬೇಕಾದಷ್ಟು ವ್ಯಾಗನ್‌ಗಳ ಲಿವರನ್ನು ಕೆಳಗೆ ಒತ್ತಿ, ಪಿನ್ ಹಾಕಿ, ಆಮೇಲೆ ಇಳಿಸುತ್ತಿದ್ದರು. ಯಾರ್ಡಿನಲ್ಲಿ ತಾನಾಗಿ ಉರುಳಿ ಬರುವ ವ್ಯಾಗನ್ನಿನ ಪಕ್ಕದಲ್ಲೇ ಓಡುತ್ತ, ಲಿವರಿನ ಮೇಲೆ ಕೋಲು ಇಟ್ಟು ಮೈಭಾರ ಹಾಕಿ ನಿಲ್ಲಿಸುವುದೂ ಇತ್ತು. ಲಿವರ್ ಅಷ್ಟು ಉದ್ದ ಇರುವುದು ಇದಕ್ಕೇ.

ಮೊದಮೊದಲು ಎಷ್ಟೋ ವ್ಯಾಗನ್‌ಗಳಿಗೆ ಒಂದೇ ಬದಿಯಲ್ಲಿ ಲಿವರ್. ಆ ಕಡೆ ಇರುವವನು ಈ ಕಡೆಗೆ ಬರಬೇಕಾದರೆ ವ್ಯಾಗನ್‌ಗಳ ನಡುವೆ ನುಗ್ಗಬೇಕು. ಜೀವಗಳು ಹೋದವು. 1911ರ ಸುರಕ್ಷತಾ ನಿಯಮ ಬಂದ ಮೇಲೆ ಹೊಸ ವ್ಯಾಗನ್‌ಗಳಿಗೆ ಎರಡೂ ಬದಿಯಿಂದ ಬ್ರೇಕ್ ಹಾಕುವ ಏರ್ಪಾಡು ಕಡ್ಡಾಯವಾಯಿತು. ಯಾವ ಬದಿಯಲ್ಲಿ ನಿಂತರೂ ಲಿವರಿನ ತುದಿ ನಮ್ಮ ಬಲಗಡೆಗೇ ಇರಬೇಕು ಎಂಬ ರೂಢಿಯೂ ನಿಂತಿತು. ಮಾದರಿಗಾರನ ತಲೆನೋವು ಹುಟ್ಟುವುದು ಇಲ್ಲಿಂದಲೇ.

ಒಂದು ಬದಿಯಲ್ಲಿ ನಿಂತು ನೋಡೋಣ. ವ್ಯಾಗನ್ನಿನ ನಡುಮಧ್ಯೆ ಸೋಲ್‌ಬಾರ್ ಎಂಬ ಉದ್ದತೊಲೆಯಿಂದ ವಿ ಆಕಾರದ ಹ್ಯಾಂಗರ್ ಇಳಿಬಿದ್ದಿದೆ. ಅದರ ತುದಿಯಲ್ಲಿ ಶಾಫ್ಟ್. ಶಾಫ್ಟಿಗೆ ಲಿವರ್ ಬಿಗಿದಿದೆ, ಅದರ ತುದಿ ಬಲಕ್ಕೆ. ಅದೇ ಶಾಫ್ಟಿಗೆ ಹೆಚ್ಚುಕಡಿಮೆ ನೆಟ್ಟಗೆ ನಿಂತ ಒಂದು ಗಿಡ್ಡ ಪಟ್ಟಿ. ಪಟ್ಟಿಯ ಮೇಲ್ತುದಿಗೊಂದು, ಕೆಳತುದಿಗೊಂದು ತಳ್ಳುಸಲಾಕೆ ಕೀಲಿಸಿದೆ. ಒಂದು ಸಲಾಕೆ ಎಡಚಕ್ರದ ಶೂಗೆ, ಇನ್ನೊಂದು ಬಲಚಕ್ರದ ಶೂಗೆ. ಶೂಗಳು ಎರಡು ಚಕ್ರಗಳ ಒಳಮಗ್ಗುಲಲ್ಲಿ ತೂಗುತ್ತವೆ. ಆದ್ದರಿಂದ ಬ್ರೇಕ್ ಹಿಡಿಯಬೇಕಾದರೆ ಎರಡೂ ಸಲಾಕೆ ಹೊರಮುಖವಾಗಿ ತಳ್ಳಬೇಕು.

ಲಿವರನ್ನು ಒತ್ತಿ. ಬಲತುದಿ ಕೆಳಗಿಳಿಯುತ್ತದೆ, ಶಾಫ್ಟ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಗಿಡ್ಡ ಪಟ್ಟಿಯ ಮೇಲ್ತುದಿ ಬಲಕ್ಕೆ, ಕೆಳತುದಿ ಎಡಕ್ಕೆ ಸರಿಯುತ್ತದೆ. ಹಾಗಾದರೆ ಬಲಚಕ್ರಕ್ಕೆ ಹೋಗುವ ಸಲಾಕೆ ಮೇಲ್ತುದಿಯಿಂದ, ಎಡಚಕ್ರಕ್ಕೆ ಹೋಗುವುದು ಕೆಳತುದಿಯಿಂದ ಹೊರಡಲೇಬೇಕು. ಇದು ನೇರ ಬದಿ.

ಈಗ ಆಚೆ ಬದಿಗೆ ಹೋಗಿ. ಇಲ್ಲೂ ಲಿವರ್ ಬಲಕ್ಕೇ, ಇಲ್ಲೂ ಕೆಳಗೇ ಒತ್ತುವುದು. ಆದರೆ ಅದೇ ಶಾಫ್ಟನ್ನು ಈ ಕಡೆಯಿಂದ ನೋಡಿದರೆ ಬ್ರೇಕ್ ಹಿಡಿಯಲು ಅದು ಗಡಿಯಾರಕ್ಕೆ ಎದುರಾಗಿ ತಿರುಗಬೇಕು. ಲಿವರನ್ನು ಶಾಫ್ಟಿಗೆ ನೇರ ಬಿಗಿದರೆ ಬ್ರೇಕ್ ಹಿಡಿಯುವ ಬದಲು ಬಿಟ್ಟುಹೋಗುತ್ತದೆ. ಈ ತೊಡಕನ್ನು ಬಿಡಿಸಿದ್ದು ಮಾರ್ಟನ್ ಕ್ಲಚ್. ಲಿವರಿನ ಬುಡಕ್ಕೂ ಶಾಫ್ಟಿಗೂ ನಡುವೆ ಹಲ್ಲಿನಂಥ ಉಬ್ಬುಗಳಿರುವ ಬಿಲ್ಲೆ ಕೂತು, ಲಿವರ್ ಒಂದು ಕಡೆ ತಿರುಗಿದರೆ ಶಾಫ್ಟನ್ನು ಇನ್ನೊಂದು ಕಡೆ ತಿರುಗಿಸುತ್ತದೆ. ಹೊರಗಿನಿಂದ ಕಾಣುವುದು ಲಿವರಿನ ಬುಡದಲ್ಲಿ ಒಂದು ದಪ್ಪ ಗುಬುಟು, ಅಷ್ಟೇ. ಈ ಬದಿಯಲ್ಲಿ ಶೂಗಳಿದ್ದರೆ ಎಡಚಕ್ರದ ಸಲಾಕೆ ಮೇಲ್ತುದಿಯಿಂದ, ಬಲಚಕ್ರದ್ದು ಕೆಳತುದಿಯಿಂದ ಹೊರಡುತ್ತದೆ. ಅಂದರೆ ನೇರ ಬದಿಗೆ ತಿರುಗುಮುರುಗು.

ಹಳೆಯ ಫೋಟೋ ಓದಲಿಕ್ಕೂ ಇದೇ ಕೀಲಿಕೈ. ಲಿವರ್ ಇರುವ ಕಡೆಯ ಸಲಾಕೆ ಮೇಲಿದ್ದರೆ ನೇರ ಬದಿ. ಕೆಳಗಿದ್ದರೆ ಕ್ಲಚ್ ಬದಿ. ಕ್ಲಚ್ಚಿನ ಗುಬುಟು ಕತ್ತಲಲ್ಲಿ ಕಾಣದಿದ್ದರೂ ಸಲಾಕೆಗಳು ಸುಳ್ಳು ಹೇಳುವುದಿಲ್ಲ.

ಇನ್ನೆರಡು ಬಗೆಯನ್ನು ನೆನಪಿಡಿ. ತಳದಲ್ಲಿ ಬಾಗಿಲಿರುವ ವ್ಯಾಗನ್ನಿನಲ್ಲಿ ನಡುವೆ ಅಡ್ಡ ಶಾಫ್ಟ್ ಹಾಯಿಸಿದರೆ ಸುರಿಯುವ ಕಲ್ಲಿದ್ದಲಿಗೆ ಅದೇ ಅಡ್ಡಿ. ಆದ್ದರಿಂದ ಎರಡು ಬದಿಗೂ ಪ್ರತ್ಯೇಕ ಬ್ರೇಕ್, ಒಟ್ಟು ನಾಲ್ಕು ಶೂ, ನಡುವೆ ಏನೂ ಇಲ್ಲ, ಕ್ಲಚ್ಚೂ ಬೇಡ. ಕಿಟ್ಟಿನ ಒಂದೇ ಥರದ ಎರಡು ಎರಕದ ತುಂಡು ಸರಿಹೋಗುವುದು ಇಲ್ಲಿ. ಎರಡನೆಯದು ಎರಡು ಶೂಗಳ ಮಾರ್ಟನ್: ಶೂ, ಸಲಾಕೆ ಎಲ್ಲ ಒಂದೇ ಬದಿಯಲ್ಲಿ. ಇನ್ನೊಂದು ಬದಿಯಲ್ಲಿ ಬರೀ ಹ್ಯಾಂಗರ್, ಲಿವರ್, ಲಿವರಿನ ಕಾವಲುಪಟ್ಟಿ. ಆ ಬದಿ ಖಾಲಿ ಖಾಲಿಯಾಗಿ ಕಾಣುತ್ತದೆ ಎಂದು ಮಿಕ್ಕಿದ ಶೂಗಳನ್ನು ಅಂಟಿಸುವ ಆಸೆ ಆಗುತ್ತದೆ. ಬೇಡ. ಅವನ್ನು ಬಿಡಿಭಾಗದ ಡಬ್ಬಿಗೆ ಹಾಕಿ, ಇನ್ನೊಂದು ವ್ಯಾಗನ್ನಿಗೆ ಬರುತ್ತವೆ.

ಗ್ರೇಟ್ ವೆಸ್ಟರ್ನ್ ರೈಲ್ವೆಯ ಡೀನ್–ಚರ್ಚ್‌ವರ್ಡ್ ಬ್ರೇಕ್ ಬೇರೆಯೇ ಜಾತಿ. ನಡುವಿನಿಂದ ಹೊರಡುವ ಉದ್ದ ಲಿವರಿಲ್ಲ, ಬಲತುದಿಯ ಬಳಿ ಗಿಡ್ಡ ಲಿವರ್. ಆ ಕಂಪನಿಯ ವ್ಯಾಗನ್ ಕಟ್ಟುವವರು ಮೇಲಿನ ಲೆಕ್ಕವನ್ನು ಅದಕ್ಕೆ ಹಚ್ಚಬಾರದು.

ಮಾದರಿಗೆ ಇಳಿಸುವುದು

ಬೇಕಾದದ್ದು: 0.45 ಮತ್ತು 0.7 ಮಿ.ಮೀ. ಹಿತ್ತಾಳೆ ತಂತಿ, 0.25 ಮತ್ತು 0.5 ಮಿ.ಮೀ. ಪ್ಲಾಸ್ಟಿಕ್ ಹಾಳೆ, 0.5 ಮತ್ತು 0.75 ಮಿ.ಮೀ. ಡ್ರಿಲ್ ಬಿಟ್, ಕೈಯಲ್ಲಿ ತಿರುಗಿಸುವ ಪಿನ್ ವೈಸ್, ಚೂಪು ಚಿಮಟ, ಹೊಸ ಬ್ಲೇಡು, ಸಣ್ಣ ಚಪ್ಪಟೆ ಅರ, ದಪ್ಪ ಗಾಜಿನ ಒಂದು ತುಂಡು.

ಮೊದಲು ಚಕ್ರ, ಆಮೇಲೆ ಬ್ರೇಕ್. ಡಬ್ಲ್ಯೂ-ಐರನ್ ಎನ್ನುವ, ಅಚ್ಚನ್ನು ಹಿಡಿಯುವ ಕವಲುಪಟ್ಟಿಗಳ ಒಳಗೆ ಹಿತ್ತಾಳೆ ಬೇರಿಂಗ್ ಕೂರಿಸಿ. ತೂತು 2 ಮಿ.ಮೀ., ಬೇರಿಂಗಿನ ಅಂಚು ಮೇಲ್ಮೈಗೆ ಸಮವಾಗುವವರೆಗೆ ಒಳಗೆ ಹೋಗಬೇಕು. ತುದಿ ಚೂಪಾದ 26 ಮಿ.ಮೀ. ಅಚ್ಚನ್ನು ಹಾಕಿ ನೋಡಿ: ಅಕ್ಕಪಕ್ಕ ಕೂದಲೆಳೆಯಷ್ಟು ಅಲುಗಬೇಕು. ಬಿಗಿಯಾದರೆ ಸೋಲ್‌ಬಾರ್‌ಗಳು ಹೊರಕ್ಕೆ ಬಾಗುತ್ತವೆ, ಸಡಿಲವಾದರೆ ಚಕ್ರ ಓರೆಯಾಗಿ ಓಡುತ್ತದೆ. ಅಂಟು ಹಸಿಯಿರುವಾಗಲೇ ಚಾಸಿಯನ್ನು ಗಾಜಿನ ಮೇಲಿಟ್ಟು, ನಾಲ್ಕು ಚಕ್ರವೂ ಗಾಜು ಮುಟ್ಟುವಂತೆ ತಿದ್ದಿ. ಒಣಗಿದ ಮೇಲೆ ತಿದ್ದಲು ಹೋದರೆ ಮುರಿಯುವುದೇ ಹೆಚ್ಚು.

ಈಗ ಶೂ. ಅನೇಕ ಕಿಟ್‌ಗಳಲ್ಲಿ ಶೂ ಚಕ್ರದ ಎದುರಿಗೆ ಬರುವುದೇ ಇಲ್ಲ, ಚಕ್ರದ ಹೊರಗೆ ಗಾಳಿಯಲ್ಲಿ ತೂಗುತ್ತದೆ. ಕಾರಣ ಸರಳ. ನಿಜವಾದ 4 ಅಡಿ 8½ ಇಂಚಿನ ಹಳಿ ಈ ಪ್ರಮಾಣದಲ್ಲಿ 18.83 ಮಿ.ಮೀ. ಆಗಬೇಕು, ಆದರೆ ಓಓ ಎಂಬ ಹೆಸರಿನ ಮಾದರಿ ಹಳಿ 16.5 ಮಿ.ಮೀ. ಮಾತ್ರ. ಪ್ರತಿ ಬದಿಯಲ್ಲಿ ಚಕ್ರ ಸುಮಾರು 1.2 ಮಿ.ಮೀ. ಒಳಗಿದೆ, ಶೂ ಮಾತ್ರ ಸೋಲ್‌ಬಾರಿನ ಜೊತೆ ಹೊರಗೇ ಉಳಿದಿದೆ. ಆದ್ದರಿಂದ:

1. ಎರಕದ ತುಂಡಿನಿಂದ ಶೂ, ಸಲಾಕೆ, ಗಿಡ್ಡ ಪಟ್ಟಿಯನ್ನು ಒಂದೇ ತುಂಡಾಗಿ ಕತ್ತರಿಸಿ ತೆಗೆಯಿರಿ. ಹ್ಯಾಂಗರ್ ಮತ್ತು ಲಿವರ್ ಇದ್ದಲ್ಲೇ ಇರಲಿ.

2. ಹ್ಯಾಂಗರಿನ ತುದಿಯಲ್ಲಿ 0.75 ಮಿ.ಮೀ. ತೂತು ಕೊರೆಯಿರಿ. ಅಡ್ಡ ಶಾಫ್ಟ್ ಇರುವ ವ್ಯಾಗನ್ನಿನಲ್ಲಿ ಹೊರಗಿನ ಹ್ಯಾಂಗರಿನ ಹಿಂದೆ ಇನ್ನೊಂದು ಹ್ಯಾಂಗರ್ ಇರುತ್ತದೆ. ಶಾಫ್ಟ್ ಒಂದೇ ತುದಿಯಲ್ಲಿ ನೇತಾಡಲಾರದಲ್ಲ. ಅದನ್ನು 0.5 ಮಿ.ಮೀ. ಹಾಳೆಯಲ್ಲಿ ಕತ್ತರಿಸಿ ನೆಲದ ಅಡಿಗೆ ಅಂಟಿಸಿ.

3. 0.7 ಮಿ.ಮೀ. ತಂತಿಯನ್ನು ಒಂದು ಬದಿಯಿಂದ ಇನ್ನೊಂದಕ್ಕೆ ಹಾಯಿಸಿ. ಶಾಫ್ಟ್ ಅಚ್ಚುಗಳಿಗೆ ಸಮಾನಾಂತರವಾಗಿದೆಯೇ ಎಂದು ಮೇಲಿನಿಂದ ನೋಡಿ. ಸ್ವಲ್ಪ ಓರೆಯಾದರೂ ತಿರುಗಿಸಿ ನೋಡುವವರ ಕಣ್ಣಿಗೆ ಥಟ್ಟನೆ ಬೀಳುತ್ತದೆ.

4. ಕತ್ತರಿಸಿದ ಶೂ ತುಂಡನ್ನು ಶಾಫ್ಟಿಗೆ ಪೋಣಿಸಿ, ಚಕ್ರದ ನೇರಕ್ಕೆ ಒಳಗೆ ಸರಿಸಿ. ಅಂಟಿಸುವ ಮುನ್ನ ಮೇಲಿನ ಲೆಕ್ಕ ನೆನಪಿಸಿಕೊಂಡು ಯಾವ ಸಲಾಕೆ ಮೇಲಿರಬೇಕು ಎಂದು ನೋಡಿ. ಕ್ಲಚ್ ಬದಿಯದಾದರೆ ತುಂಡನ್ನು ಹಿಂದುಮುಂದಾಗಿ ತಿರುಗಿಸಿದರೆ ಸಾಕು.

5. ಶೂಗೂ ಚಕ್ರಕ್ಕೂ ನಡುವೆ 0.5 ಮಿ.ಮೀ. ಬಿಡಿ. ಅಂಟು ಆರುವವರೆಗೆ ಅಷ್ಟು ದಪ್ಪದ ರಟ್ಟಿನ ಚೂರು ಸಿಕ್ಕಿಸಿಟ್ಟರೆ ಒಳ್ಳೆಯದು. ಲೋಹದ ಚಕ್ರವಿದ್ದು ಶೂ ಕೂಡ ಲೋಹದ್ದಾದರೆ ಒಂದಕ್ಕೊಂದು ತಾಗಿ ಹಳಿಯ ವಿದ್ಯುತ್ತು ಶಾರ್ಟ್ ಆಗಬಹುದು, ಅಲ್ಲಿ ಇನ್ನಷ್ಟು ಜಾಗ ಬಿಡಿ.

ಕ್ಲಚ್ಚಿನ ಗುಬುಟಿಗೆ 0.25 ಮಿ.ಮೀ. ಹಾಳೆಯಿಂದ ಎರಡು ಚಿಕ್ಕ ಬಿಲ್ಲೆ ಒತ್ತಿ ತೆಗೆದು ಲಿವರಿನ ಬುಡದಲ್ಲಿ ಒಂದರ ಮೇಲೊಂದು ಅಂಟಿಸಿ. ಲಿವರ್ ನೇರವಾದ ಕಡ್ಡಿಯಲ್ಲ. ಹ್ಯಾಂಗರಿನಿಂದ ಹೊರಟು ಆಕ್ಸಲ್ ಬಾಕ್ಸ್ (ಅಚ್ಚಿನ ತುದಿಯ ಬೇರಿಂಗ್ ಇರುವ ಪೆಟ್ಟಿಗೆ) ಮತ್ತು ಸ್ಪ್ರಿಂಗನ್ನು ತಪ್ಪಿಸಿಕೊಂಡು ಹೋಗಬೇಕಾದ್ದರಿಂದ ಮೇಲಿನಿಂದ ನೋಡಿದರೆ ಹೊರಕ್ಕೆ ಬಾಗಿದೆ. ಕಿಟ್ಟಿನ ಲಿವರನ್ನು ಚಪ್ಪಟೆಯಾಗಿಯೇ ಬಿಟ್ಟರೆ ಅದು ಆಕ್ಸಲ್ ಬಾಕ್ಸಿನ ಒಳಗೇ ನುಗ್ಗಿದಂತೆ ಕಾಣುತ್ತದೆ. ಅದರ ತುದಿ ಆಡುವ ಕಾವಲುಪಟ್ಟಿಯಲ್ಲಿ ಸಾಲು ತೂತುಗಳಿವೆ, ಪಿನ್ ಹಾಕಲಿಕ್ಕೆ. ಪಿನ್ನು ಕಳೆಯದಂತೆ ಸಣ್ಣ ಸರಪಳಿ. ಬ್ರೇಕ್ ಬಿಟ್ಟಾಗ ಲಿವರ್ ಪಟ್ಟಿಯ ಮೇಲ್ಭಾಗದಲ್ಲಿ ಕೂತಿರುತ್ತದೆ, ಹಿಡಿದಾಗ ಕೆಳಗೆ. ಎರಡು ಬದಿಯ ಲಿವರೂ ಕೆಳಗಿರುವ ವ್ಯಾಗನ್ನು ರೈಲಿನ ನಡುವೆ ಓಡುತ್ತಿದ್ದರೆ ಅದು ಬ್ರೇಕ್ ಹಿಡಿದೇ ಎಳೆಸಿಕೊಳ್ಳುತ್ತಿದೆ ಎಂದರ್ಥ. ಓಡುವ ಮಾದರಿಗೆ ಲಿವರನ್ನು ಮೇಲೆಯೇ ಇಡಿ.

ವ್ಯಾಕ್ಯೂಮ್ ಬ್ರೇಕ್ ಇದ್ದರೆ

ವೇಗದ ಗೂಡ್ಸ್‌ನ ವ್ಯಾಗನ್‌ಗಳಿಗೆ ನಿರ್ವಾತದ ಬ್ರೇಕ್ ಇರುತ್ತಿತ್ತು. ಎಂಜಿನ್ ಕೊಳವೆಯಿಂದ ಗಾಳಿ ಹೀರಿ 21 ಇಂಚು ಪಾದರಸದಷ್ಟು ನಿರ್ವಾತ ಕಾಯ್ದುಕೊಳ್ಳುತ್ತದೆ (ಗ್ರೇಟ್ ವೆಸ್ಟರ್ನ್‌ನಲ್ಲಿ 25). ಕೊಳವೆಗೆ ಗಾಳಿ ಬಿಟ್ಟರೆ ಅದು ಸಿಲಿಂಡರಿನಲ್ಲಿ ಪಿಸ್ಟನ್ನಿನ ಕೆಳಗೆ ನುಗ್ಗಿ ಅದನ್ನು ಮೇಲಕ್ಕೆ ಒತ್ತುತ್ತದೆ. ರೈಲು ತುಂಡಾದರೆ ಕೊಳವೆ ಹರಿದು ಬ್ರೇಕ್ ತಾನಾಗಿ ಬೀಳುತ್ತದೆ.

ಮಾದರಿಗೆ ಇದರಿಂದ ಮೂರು ಮಾತು. ಪಿಸ್ಟನ್ ದಂಡ ಹೊರಬರುವುದು ಸಿಲಿಂಡರಿನ ಕೆಳಗಿನಿಂದ, ಮೇಲಿನಿಂದಲ್ಲ. ದಂಡ ಮೇಲೇರುತ್ತದಾದ್ದರಿಂದ, ಶಾಫ್ಟಿಗೇ ನೇರ ಕೂಡಿಸಿದ ಜೋಡಣೆಯಲ್ಲಿ, ನೇರ ಬದಿಯಿಂದ ನೋಡಿದರೆ ಸಿಲಿಂಡರ್ ಶಾಫ್ಟಿನ ಎಡಕ್ಕೆ ಬರಬೇಕು. ಎಡದ ತೋಳು ಮೇಲೆದ್ದರೆ ತಾನೇ ಶಾಫ್ಟ್ ಗಡಿಯಾರದಂತೆ ತಿರುಗುವುದು? 18 ಇಂಚಿನ ಸಿಲಿಂಡರಿಗೆ 6 ಮಿ.ಮೀ. ವ್ಯಾಸ. ಮೂರನೆಯದು, ತಳ್ಳುಸಲಾಕೆಗಳ ಕೆಳಗೆ ಯು ಆಕಾರದ ಪಟ್ಟಿಗಳು. ಕೀಲು ಮುರಿದರೂ ಸಲಾಕೆ ಹಳಿಯ ಮೇಲೆ ಬೀಳದಂತೆ ಹಿಡಿಯುವುದು ಅವುಗಳ ಕೆಲಸ. ಸ್ಟೇಪ್ಲರ್ ಪಿನ್ನನ್ನು ಬಗ್ಗಿಸಿದರೆ ಇದಕ್ಕೆ ಸಾಕು.

ಆಕ್ಸಲ್ ಬಾಕ್ಸ್, ಸ್ಪ್ರಿಂಗ್

ಗ್ರೀಸಿನ ಬಾಕ್ಸೋ ಎಣ್ಣೆಯ ಬಾಕ್ಸೋ ಎಂಬುದನ್ನು ಮುಖ ನೋಡಿ ಹೇಳಬಹುದು. ಗ್ರೀಸಿನದರಲ್ಲಿ ಗಟ್ಟಿ ಗ್ರೀಸನ್ನು ಮೇಲಿನ ಗುಂಡಿಗೆ ತುಂಬುತ್ತಿದ್ದರು. ಓಡುತ್ತ ಬೇರಿಂಗ್ ಬಿಸಿಯಾದಂತೆ ಅದು ಕರಗಿ ಕೆಳಗಿಳಿಯುತ್ತದೆ. ಆದ್ದರಿಂದ ಮುಚ್ಚಳ ಮೇಲ್ಭಾಗದಲ್ಲಿ. ಎಣ್ಣೆಯದರಲ್ಲಿ ಎಣ್ಣೆ ಕೆಳಗೆ ನಿಂತಿರುತ್ತದೆ, ಅದರಲ್ಲಿ ಅದ್ದಿದ ದಿಂಬಿನಂಥ ಪ್ಯಾಡು ಅಚ್ಚಿನ ಅಡಿಗೆ ಒತ್ತಿಕೊಂಡಿರುತ್ತದೆ. ಎರಡು ಹೋಳಾಗಿ ಬೋಲ್ಟ್ ಹಾಕಿದ ಎಣ್ಣೆ ಬಾಕ್ಸಿನ ನಡುವಿನ ಸೀಳುಗೆರೆ ಮಾದರಿಯಲ್ಲಿ ಕಾಣಬೇಕು. ಬಣ್ಣದಲ್ಲೂ ವ್ಯತ್ಯಾಸ ತೋರಿಸಿ: ಎಣ್ಣೆ ಬಾಕ್ಸಿನ ಕೆಳಗೆ ಕಪ್ಪು ಹೊಳಪಿನ ಕಲೆ, ಗ್ರೀಸಿನದರ ಮುಚ್ಚಳದ ಸುತ್ತ ಧೂಳು ಮೆತ್ತಿದ ಕಂದು ಮುದ್ದೆ.

ಸ್ಪ್ರಿಂಗ್ ನಮ್ಮ ಲಾರಿಯ ಕಮಾನು ಪಟ್ಟಿಯಂಥದ್ದೇ. ಸಾಧಾರಣ ವ್ಯಾಗನ್ನಿನಲ್ಲಿ ಅದರ ತುದಿಗಳು ಸೋಲ್‌ಬಾರಿನ ಅಡಿಯ ಹಿಡಿಕೆಗಳಲ್ಲಿ ಸುಮ್ಮನೆ ಕೂತು ಜಾರುತ್ತವೆ. ವೇಗದ ವ್ಯಾಗನ್ನಿನಲ್ಲಿ ತೂಗುಕೊಂಡಿಗಳಿಂದ ನೇತಾಡುತ್ತವೆ. ಒಂದರ ಕಿಟ್ಟಿನ ಸ್ಪ್ರಿಂಗನ್ನು ಇನ್ನೊಂದಕ್ಕೆ ಹಾಕುವ ಮುನ್ನ ತುದಿ ನೋಡಿ.

ಬಫರ್ ಮತ್ತು ಕೊಂಡಿ

ಬಫರ್ ಎಂದರೆ ವ್ಯಾಗನ್‌ಗಳು ಒಂದಕ್ಕೊಂದು ತಾಗುವಾಗ ಪೆಟ್ಟು ತಡೆಯುವ, ತುದಿಯ ಗುಂಡು ತಲೆ. ಅದರ ಕೇಂದ್ರ ಹಳಿಯಿಂದ 13.8 ಮಿ.ಮೀ. ಎತ್ತರದಲ್ಲಿ, ಎರಡರ ನಡುವೆ 22.8 ಮಿ.ಮೀ. ವ್ಯಾಕ್ಯೂಮ್ ಇಲ್ಲದ ವ್ಯಾಗನ್ನಿನಲ್ಲಿ ಬಫರ್ 18 ಇಂಚು (6 ಮಿ.ಮೀ.) ಮುಂಚಾಚುತ್ತದೆ, ವ್ಯಾಕ್ಯೂಮ್ ಇರುವುದರಲ್ಲಿ 20½ ಇಂಚು (6.8 ಮಿ.ಮೀ.). ಒಳಗೇ ಸ್ಪ್ರಿಂಗ್ ಅಡಗಿಸಿಕೊಂಡ ಬಫರಿನ ಕವಚ ದಪ್ಪ. ಹೆಡ್‌ಸ್ಟಾಕ್ ಎಂಬ ತುದಿಯ ಅಡ್ಡತೊಲೆಯ ಹಿಂದಿನ ಉದ್ದ ಸ್ಪ್ರಿಂಗಿಗೆ ದಂಡ ಹಾಯಿಸುವ ಬಫರಿನ ಕವಚ ತೆಳು. ಎರಡನ್ನೂ ಒಂದೇ ವ್ಯಾಗನ್ನಿನಲ್ಲಿ ಬೆರೆಸಬೇಡಿ.

ಕೊಕ್ಕೆ ಹೆಡ್‌ಸ್ಟಾಕಿಗೆ ಮಾತ್ರ ಬಿಗಿದದ್ದಲ್ಲ. ಅದರ ದಂಡ ವ್ಯಾಗನ್ನಿನ ಉದ್ದಕ್ಕೂ ಹಾದು ಆಚೆ ಕೊಕ್ಕೆಗೆ ಸೇರುತ್ತದೆ. ಇಲ್ಲದಿದ್ದರೆ ಹಿಂದಿನ ಇಡೀ ರೈಲಿನ ಎಳೆತವನ್ನು ಮರದ ಚೌಕಟ್ಟು ತಡೆಯಬೇಕಾಗುತ್ತಿತ್ತು. ಮಾದರಿಯಲ್ಲೂ ಇದೇ ಬುದ್ಧಿ ಒಳ್ಳೆಯದು: ಕೊಕ್ಕೆಯ ಬಾಲವನ್ನು ಉದ್ದ ಬಿಟ್ಟು, ಹಿಂದೆ ಸಣ್ಣ ಸುರುಳಿ ಸ್ಪ್ರಿಂಗ್ ಹಾಕಿ, ತುದಿಯನ್ನು ಬಗ್ಗಿಸಿ. ಬರೀ ಅಂಟು ನಂಬಿದ ಕೊಕ್ಕೆ ಇಪ್ಪತ್ತು ವ್ಯಾಗನ್ ಎಳೆಯುವಾಗ ಕಿತ್ತು ಬರುತ್ತದೆ.

ಮೂರು ಕೊಂಡಿಯ ಸರಪಳಿಗೆ 0.45 ಮಿ.ಮೀ. ತಂತಿ ಸಾಕು. ಚಪ್ಪಟೆ ಪಟ್ಟಿಗೆ ತಂತಿ ಸುತ್ತಿ, ಒಂದು ಕಡೆ ಕತ್ತರಿಸಿ, ಕೂಡುಬಾಯಿಗೆ ಚೂರು ಬೆಸುಗೆ ಹಾಕಿ. ಬೆಸುಗೆ ಹಾಕದಿದ್ದರೆ ಭಾರಕ್ಕೆ ಬಾಯಿ ಬಿಡುತ್ತದೆ. ನಡುವಿನ ಕೊಂಡಿ ಮುಮ್ಮೂಲೆಯಂತೆ ಇದ್ದರೆ ಅದು ಇನ್‌ಸ್ಟಾಂಟರ್: ಉದ್ದಕ್ಕೆ ಬಿಟ್ಟರೆ ಸಡಿಲ, ಅಡ್ಡ ತಿರುಗಿಸಿದರೆ ಬಿಗಿ. ಇಂಥ ಸರಪಳಿ ಹಾಕಿದ ಮೇಲೆ 900 ಮಿ.ಮೀ.ಗಿಂತ ಕಡಿಮೆ ತ್ರಿಜ್ಯದ ತಿರುವಿನಲ್ಲಿ ಹಿಂದಕ್ಕೆ ತಳ್ಳಬೇಡಿ, ಬಫರುಗಳು ಒಂದರ ಹಿಂದೊಂದು ಸಿಕ್ಕಿಕೊಂಡು ವ್ಯಾಗನ್ ಹಳಿ ಬಿಡುತ್ತದೆ.

ಬಾಗಿಲು

ಪಕ್ಕದ ಬಾಗಿಲಿನ ಕೀಲು ಕೆಳಗೆ. ಚಿಲಕ ತೆಗೆದರೆ ದಡಾರನೆ ಬೀಳುತ್ತದೆ. ಬೀಳುವ ಜಾಗದಲ್ಲೇ ಬ್ರೇಕಿನ ಹ್ಯಾಂಗರ್ ಇರುವುದರಿಂದ, ಪೆಟ್ಟು ತಡೆಯಲು ಸೋಲ್‌ಬಾರಿನ ಬಳಿ ಸ್ಪ್ರಿಂಗ್ ಪಟ್ಟಿಯ ಅಡೆತಡೆ. ತುದಿಬಾಗಿಲಿನದು ತದ್ವಿರುದ್ಧ, ಕೀಲು ಮೇಲೆ. ಕಾರ್ಡಿಫ್, ಬ್ಯಾರಿಯಂಥ ಬಂದರುಗಳಲ್ಲಿ ವ್ಯಾಗನ್ನನ್ನೇ ಎತ್ತಿ ಓರೆ ಮಾಡಿ ಕಲ್ಲಿದ್ದಲನ್ನು ಹಡಗಿಗೆ ಸುರಿಯುತ್ತಿದ್ದರು. ಬಾಗಿಲಿನ ಕೆಳಅಂಚು ಹೊರಕ್ಕೆ ತೂಗಿ ದಾರಿ ಬಿಡುತ್ತಿತ್ತು.

ತುದಿಬಾಗಿಲು ಒಂದೇ ತುದಿಯಲ್ಲಿ. ಅದು ಯಾವ ತುದಿ ಎಂದು ದೂರದಿಂದಲೇ ತಿಳಿಯಲಿ ಎಂದು ವ್ಯಾಗನ್ನಿನ ಪಕ್ಕಕ್ಕೆ ಬಿಳಿಯ ಓರೆಗೆರೆ ಬಳಿಯುತ್ತಿದ್ದರು, ಮೇಲೇರಿದ ತುದಿ ಬಾಗಿಲಿನ ಕಡೆಗೆ. ಹಾಗಾಗಿ ಒಂದು ಬದಿಯಲ್ಲಿ ಗೆರೆ ಬಲಕ್ಕೆ ಏರಿದರೆ ಇನ್ನೊಂದು ಬದಿಯಲ್ಲಿ ಎಡಕ್ಕೆ ಏರಬೇಕು. ಎರಡೂ ಬದಿಗೆ ಒಂದೇ ಥರದ ಸ್ಟಿಕ್ಕರ್ ಅಂಟಿಸಿದರೆ ಎರಡು ತುದಿಗೂ ಬಾಗಿಲಿದೆ ಎಂದು ಹೇಳಿದಂತಾಗುತ್ತದೆ. ಬ್ರೇಕಿನಲ್ಲಿ ಮಾಡುವ ತಪ್ಪಿಗೆ ಇದು ತಮ್ಮ.

ತೂಕ

ಒಂದು ಅಚ್ಚಿಗೆ 25 ಗ್ರಾಂ ಲೆಕ್ಕದಲ್ಲಿ ನಾಲ್ಕು ಚಕ್ರದ ವ್ಯಾಗನ್ನಿಗೆ ಒಟ್ಟು 50 ಗ್ರಾಂ. ಸೀಸದ ಚೂರನ್ನು ಫೆವಿಕಾಲಿನಂಥ ಬಿಳಿ ಗೋಂದಿನಲ್ಲಿ ಕೂರಿಸಬೇಡಿ. ಗೋಂದಿನ ಆಮ್ಲಕ್ಕೆ ಸೀಸ ನಿಧಾನವಾಗಿ ಬಿಳಿ ಪುಡಿಯಾಗಿ ಉಬ್ಬುತ್ತದೆ, ಕೆಲವು ವರ್ಷಗಳಲ್ಲಿ ವ್ಯಾಗನ್ನಿನ ನೆಲವೇ ಬಿರಿಯುತ್ತದೆ. ಎಪಾಕ್ಸಿ ಬಳಸಿ, ಇಲ್ಲವೇ ಸೀಸ ಬಿಟ್ಟು ಉಕ್ಕಿನ ನಟ್ಟುಗಳನ್ನು ಹಾಕಿ. ಸೀಸ ಮುಟ್ಟಿದ ಕೈ ತೊಳೆಯಿರಿ.

ಭಾರತದ ವ್ಯಾಗನ್ನಿಗೆ

ನಮ್ಮ ಬ್ರಾಡ್‌ಗೇಜಿನ ಹಳೆಯ ನಾಲ್ಕು ಚಕ್ರದ ವ್ಯಾಗನ್‌ಗಳಲ್ಲೂ ಪಕ್ಕದ ಲಿವರ್, ಕಮಾನು ಪಟ್ಟಿ, ಜೋಡಿ ಬಫರ್, ಸ್ಕ್ರೂ ಕೊಂಡಿ, ವ್ಯಾಕ್ಯೂಮ್ ಬ್ರೇಕ್ ಎಲ್ಲ ಇದ್ದವು, ಆದ್ದರಿಂದ ಬಲದ ಲೆಕ್ಕ ಇಲ್ಲೂ ಅದೇ. ಆದರೆ ಬ್ರಿಟಿಷ್ ಕಿಟ್ಟಿಗೆ ಹೆಸರು ಬದಲಿಸಿ ಬಣ್ಣ ಬಳಿದರೆ ಆಗುವುದಿಲ್ಲ. 5 ಅಡಿ 6 ಇಂಚಿನ ಹಳಿ ಈ ಪ್ರಮಾಣದಲ್ಲಿ 22 ಮಿ.ಮೀ., ಬಫರುಗಳ ನಡುವಿನ ಅಂತರವೂ ಹೆಚ್ಚು. ಮೈಸೂರು ಸೀಮೆಯಲ್ಲಿ ಬಹುಕಾಲ ಓಡಿದ ಮೀಟರ್‌ಗೇಜಿನ ವ್ಯಾಗನ್ ಕಟ್ಟುವುದಾದರೆ ಹಳಿ 13.1 ಮಿ.ಮೀ. ಜೋಡಿ ಬಫರನ್ನು ಪೂರ್ತಿ ಬಿಡಬೇಕು, ಏಕೆಂದರೆ ಅಲ್ಲಿ ಹೆಡ್‌ಸ್ಟಾಕಿನ ನಡುವೆ ಒಂದೇ ಬಫರ್, ಕೊಂಡಿ ಇರುವುದೂ ಅದರಲ್ಲೇ. 1979ರಲ್ಲಿ ತೆರೆದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋದರೆ ಎಂಜಿನ್ನುಗಳ ಮುಂದೆ ಫೋಟೋ ತೆಗೆಸಿಕೊಂಡ ಮೇಲೆ, ಬಂಡಿಗಳ ಅಡಿಗೆ ಬಗ್ಗಿ ಕಮಾನು ಪಟ್ಟಿಯ ತುದಿ ಮತ್ತು ಬ್ರೇಕ್ ಸಲಾಕೆಗಳ ಚಿತ್ರವನ್ನೂ ಪಕ್ಕಕ್ಕೊಂದು ಸ್ಕೇಲ್ ಹಿಡಿದು ತೆಗೆದುಕೊಳ್ಳಿ.